ಘಟಸರ್ಪದ ಪ್ರಸಂಗ ಬೇಕಿತ್ತೇ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ನೀವು ಕೊಟ್ಟ, ‘ಬೇವುಲ್ಫ್’ ಎಂಬ ಹಳೆಯ ಇಂಗ್ಲಿಷ್ ವೀರಕಾವ್ಯದ ಕಥಾಸಾರವನ್ನು ಓದಿದೆ. ಗ್ರೆಂಡೆಲ್ ಎಂಬ ರಾಕ್ಷಸನನ್ನೂ ಅವನ ತಾಯಿಯನ್ನೂ ಕೊಂದು ವೀರ ಬೇವುಲ್ಫ್ ಸ್ವದೇಶಕ್ಕೆ ಮರಳಿದಲ್ಲಿಗೆ ಕಾವ್ಯ ಮುಗಿಯಬೇಕಿತ್ತು. ಮುಪ್ಪಿನಲ್ಲಿ ಘಟಸರ್ಪದೊಡನೆ (ಡ್ರ್ಯಾಗನ್) ಕಾದಿ ಸಾಯುವ ಭಾಗ ಆಮೇಲೆ ಯಾರೋ ಅಂಟಿಸಿದಂತಿದೆ. ಅಂದಹಾಗೆ, ಈ ಬೇವುಲ್ಫ್ ನಿಜವಾಗಿ ಇದ್ದವನೇ?

ಸಂಪಾದಕರ ಉತ್ತರ: ನಿಮ್ಮ ಸಂಶಯಕ್ಕೆ ದೊಡ್ಡ ಹಿನ್ನೆಲೆಯೇ ಇದೆ. 1815ರಲ್ಲಿ ತೋರ್ಕೆಲಿನ್ ಎಂಬ ವಿದ್ವಾಂಸ ಈ ಕಾವ್ಯವನ್ನು ಕೋಪನ್‌ಹೇಗನ್‌ನಲ್ಲಿ ಮೊದಲ ಬಾರಿಗೆ ಅಚ್ಚು ಹಾಕಿಸಿದ ಮೇಲೆ, ಇದು ಬಿಡಿ ಬಿಡಿ ಹಾಡುಗಳನ್ನು ಹೊಲಿದು ಮಾಡಿದ ಕೃತಿಯೆಂದು ಆ ಶತಮಾನದ ಹಲವು ವಿದ್ವಾಂಸರು ನಂಬಿದ್ದರು. ಕ್ರಿ.ಶ. 1000ದ ಸುಮಾರಿನ ಒಂದೇ ಒಂದು ಹಸ್ತಪ್ರತಿಯಲ್ಲಿ ಇದು ಉಳಿದುಬಂದಿದೆ. ಅಂಚು ಸುಟ್ಟ ಆ ಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದನ್ನು ಇಬ್ಬರು ಲಿಪಿಕಾರರು ಬರೆದಿರುವುದು ನಿಜ. ಆದರೆ ಕೈಬರಹ ಬದಲಾಗುವುದು 1939ನೆಯ ಸಾಲಿನಲ್ಲಿ, ಘಟಸರ್ಪ ಎದ್ದು ಬರುವುದು 2200ನೆಯ ಸಾಲಿನ ಆಚೆ. ಆದ್ದರಿಂದ ಇಬ್ಬರು ಬರೆದರೆಂಬುದು ಅಂಟಿಕೆಗೆ ಸಾಕ್ಷಿಯಾಗಲಾರದು. 1936ರಲ್ಲಿ ಇಂಗ್ಲಿಷ್ ಲೇಖಕ, ವಿದ್ವಾಂಸ ಟೋಲ್ಕೀನ್ ತಮ್ಮ ಪ್ರಸಿದ್ಧ ಉಪನ್ಯಾಸದಲ್ಲಿ, ಈ ಕಾವ್ಯ ಯೌವನ ಮತ್ತು ಮುಪ್ಪು, ಏಳಿಗೆ ಮತ್ತು ಅಳಿವುಗಳನ್ನು ಎದುರುಬದುರು ನಿಲ್ಲಿಸಿ ಕಟ್ಟಿದ್ದೆಂದು ವಾದಿಸಿದರು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ: ಮೊದಲ ಎರಡು ಕಾಳಗಗಳಲ್ಲಿ ಕವಿ ಬೆಳೆಸಿದ ಸಾಲವನ್ನು ಮೂರನೆಯದರಲ್ಲಿ ವಸೂಲು ಮಾಡುತ್ತಾನೆ.

ಗ್ರೆಂಡೆಲ್‌ನ ತಲೆಯನ್ನು ಹೊತ್ತು ಬೇವುಲ್ಫ್ ಡೇನರ (ಡೆನ್ಮಾರ್ಕಿನವರ) ಅರಮನೆಗೆ ಮರಳಿದಾಗ, ಹೊಗಳಿಕೆಯ ನಡುವೆಯೇ ಮುದುಕ ರಾಜ ಹ್ರೋತ್‌ಗಾರ್ ಒಂದು ದೀರ್ಘ ಎಚ್ಚರಿಕೆ ಕೊಡುವುದನ್ನು ನೆನಪಿಸಿಕೊಳ್ಳಿ. ಗರ್ವಕ್ಕೆ ಮನಸ್ಸು ಕೊಡಬೇಡ, ಈ ಬಲ ಕೆಲವು ಕಾಲ ಮಾತ್ರ ನಿನ್ನದು, ಆಮೇಲೆ ರೋಗವೋ ಕತ್ತಿಯೋ ಬೆಂಕಿಯೋ ನೀರೋ ಮುಪ್ಪೋ ಅದನ್ನು ಕಸಿಯುತ್ತದೆ ಎಂದು ಹೇಳಿ, ಅವನು ತನ್ನ ಕಥೆಯನ್ನೇ ಮುಂದಿಡುತ್ತಾನೆ: ಐವತ್ತು ವರ್ಷ ಆಳಿ, ಭೂಮಿಯ ಮೇಲೆ ತನಗಿನ್ನು ಶತ್ರುಗಳೇ ಇಲ್ಲವೆಂದುಕೊಂಡಿದ್ದಾಗ ಗ್ರೆಂಡೆಲ್ ಬಂದ. ಮುಂದೆ ಬೇವುಲ್ಫ್, ಇಂದಿನ ಸ್ವೀಡನ್ನಿನ ದಕ್ಷಿಣದಲ್ಲಿದ್ದ ತನ್ನ ಗೀಟ್ ಜನರ ರಾಜನಾಗಿ ಎಷ್ಟು ವರ್ಷ ಆಳುತ್ತಾನೆ? ಸರಿಯಾಗಿ ಐವತ್ತು. ಆಗ, ಯಾರೋ ಒಂದು ಬಟ್ಟಲು ಕದ್ದದ್ದಕ್ಕೆ, ಮುನ್ನೂರು ವರ್ಷ ನಿಧಿ ಕಾದಿದ್ದ ಘಟಸರ್ಪ ಬೆಂಕಿಯುಗುಳುತ್ತ ಹೊರಡುತ್ತದೆ. ಎಲ್ಲಿಂದಲೋ ತಂದು ಅಂಟಿಸಿದ ಪ್ರಸಂಗಕ್ಕೆ ಇಂಥ ಹೊಂದಿಕೆ ಬರುವುದು ಕಷ್ಟ.

ಇನ್ನು ಆ ಕಾಳಗವನ್ನೇ ನೋಡಿ. ತರುಣ ಬೇವುಲ್ಫ್, ಗ್ರೆಂಡೆಲ್ ಆಯುಧ ಹಿಡಿಯುವುದಿಲ್ಲವೆಂದು ತಾನೂ ಕತ್ತಿಯನ್ನು ಬದಿಗಿಟ್ಟು, ಬರಿಗೈಯಲ್ಲಿ ಅವನ ತೋಳನ್ನೇ ಕಿತ್ತವನು. ಮುದುಕ ಬೇವುಲ್ಫ್ ಕಬ್ಬಿಣದ ಗುರಾಣಿಯನ್ನು ಮಾಡಿಸಿಕೊಳ್ಳುತ್ತಾನೆ, ಆದರೆ ಸೈನ್ಯವನ್ನು ಕರೆದೊಯ್ಯಲು ಅವನಿಗೆ ಸಂಕೋಚ; ಇದು ನನ್ನೊಬ್ಬನ ಕೆಲಸ ಎಂದು ಜೊತೆಗಾರರನ್ನು ದೂರ ನಿಲ್ಲಿಸುತ್ತಾನೆ. ಪ್ರಾಯದಲ್ಲಿ ಶೋಭಿಸಿದ ಅದೇ ಹಟ ಈಗ ಒಂದು ರಾಜ್ಯವನ್ನೇ ಪಣಕ್ಕೊಡ್ಡುತ್ತದೆ. ಕತ್ತಿ ಮುರಿಯುತ್ತದೆ, ಜೊತೆಗಾರರು ಕಾಡು ಸೇರುತ್ತಾರೆ, ವೀಗ್ಲಾಫ್ ಎಂಬ ಹುಡುಗ ಒಬ್ಬನೇ ಬೆಂಕಿಯೊಳಗೆ ನುಗ್ಗಿ ಬಂದು ನಿಲ್ಲುತ್ತಾನೆ. ಸರ್ಪ ಸಾಯುತ್ತದೆ, ರಾಜನೂ ಸಾಯುತ್ತಾನೆ. ಹೇಡಿಗಳನ್ನು ಬೈದ ವೀಗ್ಲಾಫ್‌ನೇ, ಒಬ್ಬನ ಇಚ್ಛೆಯಿಂದಾಗಿ ಅನೇಕರು ಸಂಕಟಪಡಬೇಕಾಗುತ್ತದೆ ಎಂದೂ ಹೇಳುತ್ತಾನೆ. ಪ್ರಭುವಿಗಾಗಿ ಪ್ರಾಣ ಕೊಡಲು ಸಿದ್ಧನಾಗಿದ್ದ ಏಕೈಕ ವ್ಯಕ್ತಿಯ ಬಾಯಲ್ಲಿ ಕವಿ ಈ ಮಾತನ್ನು ಆಡಿಸಿದ್ದು ನನಗೆ ಕಾವ್ಯದ ಅತ್ಯಂತ ದಿಟ್ಟ ನಡೆಯಾಗಿ ಕಾಣುತ್ತದೆ. ಜನರಿಗಾಗಿ ಗೆದ್ದೆನೆಂದು ರಾಜ ಸಮಾಧಾನಪಟ್ಟುಕೊಂಡ ನಿಧಿಯೂ ಅವನ ಸಮಾಧಿಯೊಳಗೇ ಸೇರಿ, ಮೊದಲಿನಷ್ಟೇ ನಿರುಪಯುಕ್ತವಾಗಿ ಬಿದ್ದಿರುತ್ತದೆ.

ಬೇವುಲ್ಫ್ ಇದ್ದನೇ ಎಂಬ ನಿಮ್ಮ ಎರಡನೆಯ ಪ್ರಶ್ನೆ ಚಿಕ್ಕದು, ಆದರೆ ಮೊದಲನೆಯದಕ್ಕೇ ಬಂದು ಸೇರುತ್ತದೆ. ಅವನು ಇದ್ದನೆನ್ನಲು ಚಾರಿತ್ರಿಕ ಆಧಾರವಿಲ್ಲ. ಅವನ ಸೋದರಮಾವ ಹೈಗೆಲಾಕ್ ರಾಜನಿಗೆ ಇದೆ. ಆರನೆಯ ಶತಮಾನದ ಇತಿಹಾಸಕಾರ, ಫ್ರಾನ್ಸಿನ ತೂರ್ ನಗರದ ಗ್ರೆಗರಿ, ಹಡಗುಗಳಲ್ಲಿ ಬಂದು ಫ್ರಾಂಕರ (ಅಂದು ಫ್ರಾನ್ಸನ್ನು ಆಳುತ್ತಿದ್ದ ಜನ) ನಾಡನ್ನು ದೋಚಿ ಅಲ್ಲೇ ಹತನಾದ ಉತ್ತರದ ರಾಜನೊಬ್ಬನನ್ನು ಹೆಸರಿಸುತ್ತಾನೆ, ಅವನೇ ಈ ಹೈಗೆಲಾಕ್ ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಅದೇ ದಾಳಿಯಿಂದ ಬೇವುಲ್ಫ್ ಮೂವತ್ತು ಯುದ್ಧಕವಚಗಳನ್ನು ಹೊತ್ತು ಸಮುದ್ರಕ್ಕಿಳಿದು ಈಜಿ ಬಂದನೆಂಬುದು ಮಾತ್ರ ನಮ್ಮ ಕವಿಗಷ್ಟೇ ಗೊತ್ತಿರುವ ಸಂಗತಿ! ಹೈಗೆಲಾಕ್ ಗರ್ವದಿಂದ ಆಪತ್ತನ್ನು ಅರಸಿಕೊಂಡು ಹೋದನೆಂದು ಕವಿ ಮೊದಲ ಭಾಗದಲ್ಲೇ ಹೇಳಿಬಿಡುತ್ತಾನೆ. ಕೊನೆಯಲ್ಲಿ, ಬೇವುಲ್ಫ್‌ನ ಸಾವಿನ ಸುದ್ದಿ ತರುವ ದೂತ, ಫ್ರಾಂಕರು ಗೀಟರನ್ನು ಇನ್ನೂ ಮರೆತಿಲ್ಲವೆನ್ನಲು ಆ ಹಳೆಯ ದಾಳಿಯನ್ನೇ ಕಾರಣವಾಗಿ ಕೊಡುತ್ತಾನೆ. ಸ್ವೀಡರೂ ಹೊಂಚು ಹಾಕಿದ್ದಾರೆ, ಅವರನ್ನೆಲ್ಲ ತಡೆದು ನಿಲ್ಲಿಸಿದ್ದವನು ಈಗ ಇಲ್ಲ. ಘಟಸರ್ಪದ ಭಾಗವನ್ನು ಕತ್ತರಿಸಿದರೆ ಈ ದೂತನೂ ಹೋಗುತ್ತಾನೆ, ಗ್ರೆಂಡೆಲ್‌ಗೆ ಪಟ್ಟು ಬಿಡಿಸಿಕೊಳ್ಳಲಾಗದಂಥ ಬಾಹುಬಲದ ಕಥೆಯಷ್ಟೇ ನಮ್ಮ ಕೈಯಲ್ಲಿ ಉಳಿಯುತ್ತದೆ.