ಆಂಟಿಬಾಡಿ ಹೊರಗೆ ಬರ್ತಿಲ್ಲ ಅಂದರೆ ಇನ್ನೂ ಜೋರಾದ ಪ್ರಮೋಟರ್ ಹಾಕಬೇಕಾ?

ಸಿಎಚ್‌ಒ ಕೋಶದಲ್ಲಿ (ಪ್ರೋಟೀನ್ ತಯಾರಿಸಲು ಬಳಸುವ ಹ್ಯಾಮ್‌ಸ್ಟರ್ ಕೋಶ) ಪ್ರೋಟೀನಿನ ಸೂಚನೆ ಹೊತ್ತ ಎಂಆರ್‌ಎನ್‌ಎ ಬೇಕಾದಷ್ಟಿದೆ, ಕೋಶ ಬೆಳೆಯುವ ದ್ರವವಾದ ಮೀಡಿಯಾದಲ್ಲಿ ಮಾತ್ರ ಆಂಟಿಬಾಡಿ ಇಲ್ಲ ಅಂದಿದ್ದೀರಿ. ಜೀನ್ ಎಷ್ಟು ಜೋರಾಗಿ ಓದಬೇಕು ಅಂತ ನಿರ್ಧರಿಸುವ ಡಿಎನ್‌ಎ ತುಂಡೇ ಪ್ರಮೋಟರ್. ಪಿಎಚ್‌ಡಿ ಮಾಡುವಾಗ ನಾನೂ ಇಲ್ಲೇ ಸಿಕ್ಕಿಕೊಂಡಿದ್ದೆ.

ಆಂಟಿಬಾಡಿ ಅಂದರೆ ಎರಡು ಹೆವಿ ಚೈನ್, ಎರಡು ಲೈಟ್ ಚೈನ್ ಸೇರಿದ ಪ್ರೋಟೀನ್. ಹೆವಿ ಚೈನ್ ದೊಡ್ಡದು, ಅದೇ ಸಾಲುತ್ತಿಲ್ಲ ಅಂದುಕೊಂಡು ಅದರ ಪ್ರಮೋಟರನ್ನೇ ಬದಲಿಸುತ್ತಾ ಹೋದೆ. ಎಂಆರ್‌ಎನ್‌ಎ ಏರಿತು. ಮೀಡಿಯಾದಲ್ಲಿನ ಆಂಟಿಬಾಡಿ ಅಳೆಯುವ ಎಲೈಸಾ ಪರೀಕ್ಷೆಯ ಓದು ಏರಲಿಲ್ಲ, ಕೋಶಗಳ ಬೆಳವಣಿಗೆಯೂ ಕುಂಟಿತು. ಪ್ರತಿ ಸಲ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ಮೀಡಿಯಾ ಎತ್ತಿಟ್ಟುಕೊಂಡು, ತಳದಲ್ಲಿ ಕೂತ ಕೋಶಗಳ ಪೆಲೆಟ್ಟನ್ನು ಬ್ಲೀಚಿಗೆ ಹಾಕುತ್ತಿದ್ದೆ. ನನ್ನನ್ನು ಮುಳುಗಿಸಿದ್ದು ಇದೇ. ಆಂಟಿಬಾಡಿ ಹೊರಗೆ ಬರುವ ಪ್ರೋಟೀನ್, ಹೊರಗೆ ಅಳೆದರೆ ಸಾಕು ಅಂತ ನಂಬಿದ್ದೆ. ಆದರೆ ಮೀಡಿಯಾ ಹೇಳುವುದು ಎಷ್ಟು ಬಂತು ಅಂತ ಮಾತ್ರ. ಬಾರದ್ದು ಎಲ್ಲಿ ನಿಂತಿದೆ ಅನ್ನೋದು ಪೆಲೆಟ್ಟಿನಲ್ಲಿರುತ್ತದೆ. ಆ ಉತ್ತರವನ್ನೇ ನಾನು ಪ್ರತಿ ಸಲ ಎಸೆಯುತ್ತಿದ್ದೆ. ಫೆಲೋಶಿಪ್ ಮುಗಿಯುತ್ತಾ ಬಂದರೂ ಕೈಯಲ್ಲಿ ಒಂದು ಪೇಪರ್ ಇರಲಿಲ್ಲ.

ಪಕ್ಕದ ಬೆಂಚಿನ ಸೀನಿಯರ್ ಒಬ್ಬರು "ಪೆಲೆಟ್ ಏನಾಯ್ತು?" ಅಂತ ಕೇಳಿದ ಮೇಲೆ ಅದನ್ನು ಒಡೆದು ವೆಸ್ಟರ್ನ್ ಬ್ಲಾಟ್ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಗುರುತಿಸುವ ವಿಧಾನ) ಮಾಡಿದೆ. 50 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ತಿರ ಹೆವಿ ಚೈನಿನ ದಪ್ಪ ಕಪ್ಪು ಪಟ್ಟಿ. 25ರ ಹತ್ತಿರ ಲೈಟ್ ಚೈನ್ ಇದೆಯೋ ಇಲ್ಲವೋ ಅನ್ನುವಷ್ಟು ತೆಳು. ಹೆವಿ ಚೈನಿಗೆ ಇಮ್ಯುನೋಪ್ರೆಸಿಪಿಟೇಶನ್ ಮಾಡಿದರೆ, ಅಂದರೆ ಅದನ್ನೇ ಹಿಡಿದು ಎಳೆದರೆ, 78ರ ಹತ್ತಿರ ಇನ್ನೊಂದು ಪ್ರೋಟೀನ್ ಜೊತೆಗೇ ಬಂತು. ಅದು ಬಿಪ್, ಬೇರೆ ಪ್ರೋಟೀನ್‌ಗಳು ಮಡಚಿಕೊಳ್ಳಲು ನೆರವಾಗುವ ಪ್ರೋಟೀನ್.

1983ರಲ್ಲಿ ವಿಜ್ಞಾನಿಗಳಾದ ಹಾಸ್ ಮತ್ತು ವಾಬ್ಲ್ ಗುರುತಿಸಿದ್ದು ಇದನ್ನೇ. ಹೆವಿ ಚೈನಿನ ಸಿಎಚ್1 ಭಾಗ ತಾನಾಗಿ ಮಡಚಿಕೊಳ್ಳುವುದಿಲ್ಲ. ಬಿಪ್ ಅದನ್ನು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ (ಹೊರಹೋಗುವ ಪ್ರೋಟೀನ್ ಮಡಚಿ ಜೋಡಣೆಯಾಗುವ ಕೋಶದ ಜಾಗ) ಒಳಗೇ ಹಿಡಿದಿಡುತ್ತದೆ. ಲೈಟ್ ಚೈನ್ ಬಂದು ಸೇರಿದರೆ ಮಾತ್ರ ಬಿಪ್ ಬಿಡುತ್ತದೆ, ಆಮೇಲೆ ಹೊರದಾರಿಯ ಮುಂದಿನ ನಿಲ್ದಾಣವಾದ ಗಾಲ್ಜಿ ಕಡೆ ಪಯಣ. ಒಂಟೆಗಳಲ್ಲಿ ಲೈಟ್ ಚೈನೇ ಇಲ್ಲದ ಆಂಟಿಬಾಡಿಗಳಿವೆಯಲ್ವಾ, ಅವುಗಳಲ್ಲಿ ಸಿಎಚ್1 ಕೂಡ ಇಲ್ಲ. ಅದಕ್ಕೇ ಅವು ಸಲೀಸಾಗಿ ಹೊರಬರುತ್ತವೆ. ಎಷ್ಟು ಚೆಂದ!

ಹಾಗಾಗಿ ಪ್ರಮೋಟರ್ ಪ್ರಶ್ನೆಯನ್ನೇ ಬಿಡಿ. ಇನ್ಸುಲಿನ್ ಹಾಗೆ ಆಂಟಿಬಾಡಿ ಕಣಗಳಲ್ಲಿ ಕೂತು ಸಂಕೇತಕ್ಕೆ ಕಾಯುವುದಿಲ್ಲ, ಸರಿಯಾಗಿ ಜೋಡಣೆಯಾದರೆ ಹೊರಡುತ್ತದೆ. ಜೋಡಿಯಿಲ್ಲದ ಹೆವಿ ಚೈನನ್ನು ಸುಮ್ನೆ ಜಾಸ್ತಿ ತುಂಬಿದರೆ ಕೋಶಕ್ಕೇ ಹೊರೆ. ಈ ಒತ್ತಡ ಗುರುತಿಸುವ ಪ್ರೋಟೀನ್ ಐಆರ್‌ಇ1 ಎಚ್ಚೆತ್ತು ಎಕ್ಸ್‌ಬಿಪಿ1 ಎಂಬ ಜೀನಿನ ಎಂಆರ್‌ಎನ್‌ಎಯನ್ನು ಕತ್ತರಿಸುತ್ತದೆ, ತುಂಡುಗಳನ್ನು ಬೇರೊಂದು ಕಿಣ್ವ ಜೋಡಿಸುತ್ತದೆ. ದೇಹದಲ್ಲಿ ಆಂಟಿಬಾಡಿ ತಯಾರಿಸುವ ಪ್ಲಾಸ್ಮಾ ಕೋಶಗಳು ಇದೇ ದಾರಿಯಿಂದ ತಮ್ಮ ರೆಟಿಕ್ಯುಲಮ್ ಹಿಗ್ಗಿಸಿಕೊಳ್ಳುತ್ತವೆ. ಒತ್ತಡ ಇಳಿಯದೇ ಹೋದರೆ ಕೋಶ ಸಾಯುತ್ತದೆ.

ನೀವು ಅಳೆದದ್ದು ಯಾವ ಎಂಆರ್‌ಎನ್‌ಎ, ಹೆವಿಯದ್ದು ಮಾತ್ರವಾ? ಮೊದಲು ಪೆಲೆಟ್ ಮತ್ತು ಮೀಡಿಯಾ ಎರಡನ್ನೂ ಒಂದೇ ಜೆಲ್‌ನಲ್ಲಿ, ಡಿಟಿಟಿ (ಚೈನ್‌ಗಳನ್ನು ಬೆಸೆಯುವ ಕೊಂಡಿ ಕಡಿಯುವ ರಾಸಾಯನಿಕ) ಹಾಕದೆ ಓಡಿಸಿ. ಪೆಲೆಟ್ಟಿನಲ್ಲಿ 150ರ ಪಟ್ಟಿ (ನಾಲ್ಕೂ ಚೈನ್ ಸೇರಿದ ಪೂರ್ಣ ಆಂಟಿಬಾಡಿ) ಇದ್ದರೆ ಜೋಡಣೆ ಆಗಿದೆ, ತಡೆ ಮುಂದೆಲ್ಲೋ ಇದೆ. ಇಲ್ಲದಿದ್ದರೆ ಲೈಟ್ ಚೈನ್ ಪ್ಲಾಸ್ಮಿಡ್ಡಿನ (ಅದರ ಜೀನನ್ನು ಕೋಶಕ್ಕೆ ಒಯ್ಯುವ ಡಿಎನ್‌ಎ ಉಂಗುರ) ಪಾಲು ಹೆಚ್ಚಿಸಿ. ನನಗೆ ದಾರಿ ತೆರೆದಿದ್ದು ಅದೇ. ಎಲೈಸಾದಲ್ಲಿ ಲೈಟ್ ಚೈನನ್ನು ಮಾತ್ರ ಹಿಡಿಯುವ ಆಂಟಿಬಾಡಿ ಬಳಸಬೇಡಿ. ಲೈಟ್ ಚೈನ್ ಒಂಟಿಯಾಗಿಯೂ ಹೊರಬರುತ್ತದೆ, ಓದು ಸುಳ್ಳಾಗಿ ಏರುತ್ತದೆ.