ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಸಾಧನಗಳಲ್ಲಿ, ಬಣ್ಣದ ಪರದೆಯ ಗೇಮ್ ಗೇರ್ ಇದ್ದರೂ ಬಣ್ಣವೇ ಇಲ್ಲದ ಗೇಮ್ ಬಾಯ್ ಗೆದ್ದಿದ್ದು ಹೇಗೆ?

ಮುಖ್ಯ ಕಾರಣ ಬ್ಯಾಟರಿ. 1989ರಲ್ಲಿ ಬಂದ ನಿಂಟೆಂಡೊ ಗೇಮ್ ಬಾಯ್ 4 ಪೆನ್ಸಿಲ್ ಸೆಲ್ ಹಾಕಿದರೆ ಹತ್ತು ಗಂಟೆಗೂ ಜಾಸ್ತಿ ಓಡುತ್ತಿತ್ತು. ಸೆಗಾದ ಗೇಮ್ ಗೇರ್, ಅಟಾರಿಯ ಲಿಂಕ್ಸ್ ತಲಾ 6 ಸೆಲ್ ತಿಂದು ನಾಲ್ಕೈದು ಗಂಟೆಗೆ ಸುಸ್ತಾಗುತ್ತಿದ್ದವು.

ವ್ಯತ್ಯಾಸ ಇದ್ದದ್ದು ಪರದೆಯಲ್ಲಿ. ಎಲ್‌ಸಿಡಿ ಪರದೆ ತಾನೇ ಬೆಳಗುವುದಿಲ್ಲ. ಬಣ್ಣ ಕಾಣಬೇಕೆಂದರೆ ಆಗ ಅದರ ಹಿಂದೆ ಒಂದು ಪುಟ್ಟ ಟ್ಯೂಬ್‌ಲೈಟ್ ಸದಾ ಉರಿಯಬೇಕಿತ್ತು. ಸೆಲ್‌ಗಳನ್ನು ಹೀರುತ್ತಿದ್ದದ್ದು ಅದೇ. ಗೇಮ್ ಬಾಯ್‌ಗೆ ಆ ದೀಪವೇ ಇರಲಿಲ್ಲ. ಕ್ಯಾಲ್ಕುಲೇಟರ್‌ನಂತೆ ಹೊರಗಿನ ಬೆಳಕಲ್ಲೇ ನೋಡಬೇಕು. ಹಸಿರು ಛಾಯೆಯ ಪರದೆ, ನಾಲ್ಕೇ ಶೇಡ್. ಕತ್ತಲಲ್ಲಿ ಆಡಲಾಗದು, ನಿಜ. ಆದರೆ ಬೆಲೆ ಕಡಿಮೆ, ಮಕ್ಕಳ ಕೈಯಿಂದ ಬಿದ್ದರೂ ಸುಲಭಕ್ಕೆ ಕೆಡುತ್ತಿರಲಿಲ್ಲ. ಅಮೆರಿಕದಲ್ಲಿ ಜೊತೆಗೇ, ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಆಟ ಕೊಟ್ಟರು. ಆ ಆಟಕ್ಕೆ ಬಣ್ಣ ಬೇಕೇ ಇಲ್ಲ, ಅಲ್ವಾ?

ಇದು ಸುಮ್ನೆ ಆದದ್ದಲ್ಲ. ಇದರ ಹಿಂದಿದ್ದ ನಿಂಟೆಂಡೊ ಎಂಜಿನಿಯರ್ ಗುಂಪೆಯ್ ಯೊಕೊಯ್ ಅವರ ನಂಬಿಕೆಯೇ ಹಾಗಿತ್ತು: ಹಳೆಯದಾಗಿ, ಅಗ್ಗವಾಗಿ, ಚೆನ್ನಾಗಿ ಪಳಗಿದ ತಂತ್ರಜ್ಞಾನವನ್ನೇ ಹೊಸ ರೀತಿಯಲ್ಲಿ ಬಳಸಬೇಕು. 1980ರ ಗೇಮ್ ಆ್ಯಂಡ್ ವಾಚ್ ಎಂಬ ಪುಟ್ಟ ಆಟದ ಸಾಧನ ಕೂಡ ಹಾಗೇ ಹುಟ್ಟಿತು. ಈ ಕ್ಷೇತ್ರದಲ್ಲಿ ನನಗೆ ಅವರಷ್ಟು ಇಷ್ಟವಾದ ಎಂಜಿನಿಯರ್ ಇನ್ನೊಬ್ಬರಿಲ್ಲ.

ಗೇಮ್ ಬಾಯ್ ಮತ್ತು ನಂತರದ ಗೇಮ್ ಬಾಯ್ ಕಲರ್ ಸೇರಿ 11 ಕೋಟಿಗೂ ಹೆಚ್ಚು ಮಾರಾಟವಾದವು. ಯೊಕೊಯ್ 1996ರಲ್ಲಿ ನಿಂಟೆಂಡೊ ಬಿಟ್ಟರು, ಮರುವರ್ಷ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಬಂಡಾಯ್ ಕಂಪನಿಗಾಗಿ ಅವರು ಶುರು ಮಾಡಿದ್ದ ವಂಡರ್‌ಸ್ವಾನ್ ಎಂಬ ಇಂಥದೇ ಸಾಧನ 1999ರಲ್ಲಿ ಬಂತು. ಅದಕ್ಕೆ ಒಂದೇ ಪೆನ್ಸಿಲ್ ಸೆಲ್ ಸಾಕಿತ್ತು.