ನೂರು ಡಾಲರಿನ ಮ್ಯಾಂಟಲ್ ಅಸಲಿಯೇ?

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ನನ್ನ ಮಗ ಬೇಸ್‌ಬಾಲ್ ಕಾರ್ಡುಗಳನ್ನು (ಆಟಗಾರರ ಚಿತ್ರವಿರುವ ಕಾರ್ಡುಗಳು) ಆನ್‌ಲೈನ್‌ನಲ್ಲಿ ಕೊಂಡು ಕೂಡಿಡುತ್ತಾನೆ. ಹೆಸರಾಂತ ಅಮೆರಿಕನ್ ಆಟಗಾರ ಮಿಕಿ ಮ್ಯಾಂಟಲ್‌ನ 1952ರ ಕಾರ್ಡು ನೂರು ಡಾಲರಿಗೆ ಸಿಗುತ್ತಿದೆಯಂತೆ, ಕೊಳ್ಳಬಹುದೇ?

ಉತ್ತರ: ಆ ಬೆಲೆಗೆ ಅಸಲಿ ಸಿಗುವುದು ಕನಸಿನ ಮಾತು. ಮಾರಾಟವಾಗದೆ ಗೋದಾಮಿನಲ್ಲಿ ಉಳಿದಿದ್ದ 1952ರ ಆ ಕಾರ್ಡು ಸರಣಿಯ ಪೆಟ್ಟಿಗೆಗಳನ್ನು 1960ರ ಸುಮಾರಿಗೆ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದ್ದಾಗಿ ಅದನ್ನು ಹೊರತಂದ ಟಾಪ್ಸ್ ಕಂಪನಿಯ ಸೈ ಬರ್ಗರ್ ಅವರೇ ಹೇಳಿಕೊಂಡಿದ್ದರು. ಉಳಿದವುಗಳಲ್ಲಿ ಬಹಳ ಚೆನ್ನಾಗಿದ್ದ ಒಂದು ಮ್ಯಾಂಟಲ್ ಕಾರ್ಡು 2022ರಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು. (ಸಮುದ್ರರಾಜನೇ ದೊಡ್ಡ ಸಂಗ್ರಾಹಕನೆನ್ನಬೇಕು.) ನಿಮ್ಮ ಮಗನಿಗೆ ಕಂಡದ್ದು, ಕಂಪನಿಯೇ 1983ರಲ್ಲಿ ಹೊರತಂದ ಮರುಮುದ್ರಣವಿರಬಹುದು, ಇಲ್ಲವೇ ಶುದ್ಧ ನಕಲಿಯಿರಬಹುದು. ಕಾರ್ಡನ್ನು ಅಳತೆಪಟ್ಟಿಯ ಪಕ್ಕದಲ್ಲಿಟ್ಟು ತೆಗೆದ ಚಿತ್ರವನ್ನು ಕೇಳಲಿ: ಅಸಲಿಯ ಉದ್ದ 3.75 ಅಂಗುಲ, 1983ರದ್ದು 3.5 ಅಂಗುಲ. ಅಳತೆ ಸರಿಯಿದ್ದರೂ, ಪರಿಣತ ಸಂಸ್ಥೆಯ ಪ್ರಮಾಣೀಕರಣವಿಲ್ಲದೆ ಹಣ ಕಳುಹಿಸುವುದು ಬೇಡ.